ಹದಿನಾರರಲ್ಲಿ ಎರಡು ಕಳೆದರೆ

ಪ್ರವಾಸದ ಚೀಲದಲ್ಲಿ ಏನೇನಿರಬಹುದು? ಟವೆಲ್ಲು, ಸೋಪು, ಮಕ್ಕಳ ಬಟ್ಟೆ, ಬಸ್ಸಿನಲ್ಲಿ ಹೊಟ್ಟೆ ತೊಳಸಿದರೆ ಮೂಸಲು ನಿಂಬೆಹಣ್ಣು. ಹೋದ ತಿಂಗಳು ನಮ್ಮ ಚೀಲದಲ್ಲಿ ಒಂದು ಕುಂಕುಮದ ಭರಣಿ ಸಿಕ್ಕಿತು. ಕುಂಕುಮವನ್ನೆಲ್ಲ ಕೊಡವಿ, ತೊಳೆದು, ಒಳಗೆ ಹತ್ತಿ ಹಾಸಿ, ಹತ್ತಿಯನ್ನು ಹೆಬ್ಬೆರಳಿನಿಂದ ಒತ್ತಿ ಎರಡು ಗುಳಿ ಮಾಡಿದ್ದರು. ಗುಳಿಗಳು ಖಾಲಿ.

"ಇದ್ಯಾರ ಕೆಲ್ಸ?" ಎಂದು ಕೂಗಿದೆ. (ನಾನು ಟೀಚರು. ಮೆಲ್ಲಗೆ ಕೇಳುವುದು ನನಗೆ ಬರುವುದಿಲ್ಲ.)

ಎಂಟು ವರ್ಷದ ಚಂಪಾ ತಮ್ಮನ ಮುಖ ನೋಡಿದಳು. ಐದು ವರ್ಷದ ಮುತ್ತು ಗೋಡೆ ನೋಡಿದ. ಅವರು ಬಾಯಿ ಬಿಡುವ ಮೊದಲು ಈ ಪ್ರವಾಸದ ಪುರಾಣ ನಿಮಗೆ ಹೇಳಿಬಿಡುತ್ತೇನೆ.

ಈ ಅಂಕಣವನ್ನು ಬಿಡದೆ ಓದುವವರಿಗೆ ನಮ್ಮ ಯಜಮಾನರು ಹೊಸಬರಲ್ಲ. ಧರ್ಮಪುರಿಯ ಒಂದು ಸರ್ಕಾರಿ ಕಚೇರಿಯಲ್ಲಿ ಹೆಡ್ ಗುಮಾಸ್ತರು. ಕಾಗದದ ಮೇಲೆ ಬರೆಯದ ಯಾವ ಸಂಗತಿಯೂ ಲೋಕದಲ್ಲಿ ನಡೆಯುವುದಿಲ್ಲ ಎಂದು ನಂಬಿದವರು. ದೆಹಲಿಯವರು ಐದು ವರ್ಷಕ್ಕೊಂದು ಪ್ಲಾನ್ ಹಾಕುತ್ತಾರಲ್ಲ, ಇವರು ಎರಡು ದಿನದ ಮೆಟ್ಟೂರು ಪ್ರವಾಸಕ್ಕೆ ಅಷ್ಟೇ ಕಾಗದ ಖರ್ಚು ಮಾಡಿದರು. 'ಪ್ರೋಗ್ರಾಂ' ಎಂದು ತಲೆಬರಹ. ಕೆಳಗೆ ಗೆರೆ. ಗೆರೆಯ ಕೆಳಗೆ ಇನ್ನೊಂದು ಗೆರೆ. ಕಾರ್ಬನ್ ಇಟ್ಟು ಕಾಪಿ. ಒಂದು ಅವರಿಗೆ, ಒಂದು ನನಗೆ. (ನಾನು ಕಳೆದುಹಾಕುತ್ತೇನೆಂದು ಮೂರನೆಯದೂ ಇತ್ತಂತೆ, ಅದು ಆಮೇಲೆ ಗೊತ್ತಾಯಿತು.)

ನಾಲ್ಕೂವರೆಗೆ ಏಳುವುದು. ಐದೂಮುಕ್ಕಾಲಿಗೆ ಮನೆ ಬಿಡುವುದು. ಆರಕ್ಕೆ ಬಸ್ ಸ್ಟ್ಯಾಂಡು. ಹನ್ನೊಂದರಿಂದ ಹನ್ನೆರಡು, ಪಾರ್ಕಿನಲ್ಲಿ ಆನಂದ. ಹೌದು ಸ್ವಾಮಿ, ಹಾಗೇ ಬರೆದಿತ್ತು.

"ಹನ್ನೆರಡು ಹೊಡೆದ ಮೇಲೆ ಆನಂದ ಪಡಬಾರ್ದಾ?" ಎಂದು ಕೇಳಿದೆ.

"ಊಟ ಐತಲ್ಲ" ಎಂದರು, ತಲೆ ಎತ್ತದೆ.

ಊಟ ಐತೆ. ಯಾರು ಮಾಡುವುದು? ಪುಳಿಯೋಗರೆ, ಮೊಸರನ್ನ, ಎರಡು ದಿನ ಕೆಡದ ಚಕ್ಕುಲಿ. ಪ್ಲಾನ್ ಅವರದು, ಹುಣಸೆಹಣ್ಣು ಕಿವುಚುವ ಕೈ ನನ್ನದು. ಸಾಲದ್ದಕ್ಕೆ ಆಫೀಸಿನ ಯಾರ ಹತ್ತಿರವೋ ಒಂದು ಬಾಕ್ಸ್ ಕ್ಯಾಮೆರಾ ಕೇಳಿಕೊಂಡು ಬಂದಿದ್ದರು. ಕಾರಂಜಿಯ ಮುಂದೆ ನಾವೆಲ್ಲ ನಿಂತು ನಗಬೇಕಂತೆ. ಅದನ್ನು ಹಿಡಿಯುವುದು ಹೇಗೆಂದು ಇವರಿಗೆ ಗೊತ್ತಿಲ್ಲ. ಮೂರು ಸಂಜೆ ಅದರ ಹಿಂಭಾಗದಿಂದ ನಮ್ಮ ಹಸುವನ್ನು ನೋಡಿ ಅಭ್ಯಾಸ ಮಾಡಿದರು.

ಈ ಹುಚ್ಚು ಹತ್ತಿಸಿದವನು ರಂಗಪ್ಪ. ಯಜಮಾನರ ಚಿಕ್ಕಪ್ಪನ ಮಗ, ಮೆಟ್ಟೂರು ಡ್ಯಾಮಿನಲ್ಲಿ ಮೇಸ್ತ್ರಿ. ಡ್ಯಾಮನ್ನು ತಾನೇ ನಿಂತು ಕಟ್ಟಿಸಿದವನ ಹಾಗೆ ಮಾತಾಡುತ್ತಾನೆ. (ಅದು ಕಟ್ಟುವಾಗ ಇವನು ಚಡ್ಡಿ ಹಾಕಲು ಕಲಿಯುತ್ತಿದ್ದ.) ಪ್ರವಾಸಕ್ಕೆ ಒಂದು ತಿಂಗಳ ಹಿಂದೆ ಮನೆಗೆ ಬಂದವನು ಕಾಫಿ ಕುಡಿಯುತ್ತ ಶುರು ಮಾಡಿದ.

"ಅತ್ತಿಗೆ, ಈ ಸಲ ನೀರು ರೊಂಬ ಐತೆ. ಪಾರ್ಕು ನೋಡ್ಬೇಕು ನೀವು, ಹೂವೇನು, ಕಾರಂಜಿ ಏನು! ಅದೆಲ್ಲಾ ಬಿಡಿ. ನಮ್ ಪದಿನಾರ್ ಕಣ್ಣು ಐತಲ್ಲ, ಅಷ್ಟೂ ಒಂದೇ ಸಲ ತೆರೆದ್ರೆ ಊರೇ ನಡುಗಿ ಓಗ್ತದೆ!"

ಮೆಟ್ಟೂರು ನೋಡದವರಿಗೆ ಒಂದು ಮಾತು. ಡ್ಯಾಮು ತುಂಬಿ ಹೆಚ್ಚಾದ ನೀರನ್ನು ಹೊರಗೆ ಬಿಡಲು ಅಲ್ಲಿ ಹದಿನಾರು ದೊಡ್ಡ ಬಾಗಿಲುಗಳಿವೆ. ಸೇತುವೆಗೆ ಕಣ್ಣು ಎನ್ನುವುದಿಲ್ಲವೆ? ಹಾಗೆಯೇ ಇವಕ್ಕೂ ಕಣ್ಣು ಎಂದೇ ಹೆಸರು. ತಮಿಳಿನಲ್ಲಿ ಪದಿನಾರ್ ಕಣ್. ನಮ್ಮ ಕಡೆ ಕನ್ನಡ ಮಾತಾಡುವವರೂ ಅದನ್ನು ಹಾಗೆಯೇ ಅನ್ನುತ್ತಾರೆ. ದೊಡ್ಡವರಿಗೆ ಅರ್ಥವಾಗುತ್ತದೆ.

ಮಕ್ಕಳಿಬ್ಬರೂ ರಂಗಪ್ಪನ ಮಂಡಿಗೆ ಅಂಟಿಕೊಂಡು ಕೂತರು.

"ಯಾವಾಗ್ಲೂ ತೆರ್ದೇ ಇರ್ತದಾ ಚಿಕ್ಕಪ್ಪಾ?" ಎಂದು ಕೇಳಿದ ಮುತ್ತು.

"ಇಲ್ಲಲಾ. ನೀರು ತುಂಬಿದ್ರೆ ಮಾತ್ರ. ಮಿಕ್ಕ ಟೈಮು ಮುಚ್ಕೊಂಡೇ ಇರ್ತದೆ."

"ಕೆಟ್ಟು ಓದ್ರೆ?" ಇದು ಚಂಪಾ.

"ಕೆಡಾಕೆ ಬಿಡ್ತೀವಾ? ಒಂದೊಂದ್ಸಲ ಒಂದೆರಡು ಕಣ್ಣು ಬಿಚ್ಚಿ, ಎಣ್ಣೆ ಆಕಿ, ತಿರುಗ ಕೂರಿಸ್ತೀವಿ."

ಬಾಯಿ ಬಿಟ್ಟುಕೊಂಡು ಕೇಳಿದವು ಎರಡೂ. ಅಷ್ಟು ಗಮನವನ್ನು ನನ್ನ ಪಾಠಕ್ಕೆ ಇವತ್ತಿನವರೆಗೆ ಯಾರೂ ಕೊಟ್ಟಿಲ್ಲ. "ನೋಡಿದ್ಯಾ, ಇಂಜಿನಿಯರಿಂಗ್ ಕಡೆ ಒಲವು ಐತೆ" ಎಂದು ಯಜಮಾನರು ಬೀಗಿದರು. ಮಗಳನ್ನೂ ಸೇರಿಸಿ ಹೇಳಿದರೋ ಮಗನಿಗೆ ಮಾತ್ರವೋ ನಾನು ಕೇಳಲಿಲ್ಲ. ಕೇಳಿದ್ದರೆ ಜಗಳವಾಗುತ್ತಿತ್ತು.

ಒಲವು ಯಾವ ಕಡೆಗೆಂದು ನನಗೆ ಗೊತ್ತಿರಬೇಕಾಗಿತ್ತು. ನಮ್ಮ ಮನೆಯಲ್ಲಿ ಸುಳ್ಳಿನ ಒಂದು ಕಾರ್ಖಾನೆಯೇ ಇದೆ. ನಮ್ಮ ಅತ್ತೆ. ಪೆನ್ನಾಗರಂ ಕಡೆಯವರು, ಓದು ಬರಹ ಇಲ್ಲ, ಆದರೆ ದಿನಕ್ಕೊಬ್ಬ ರಾಕ್ಷಸನನ್ನು ತಯಾರು ಮಾಡಬಲ್ಲರು. ಒಬ್ಬನಿಗೆ ಹೊಟ್ಟೆಯ ತುಂಬ ಬೀಗ. ಒಬ್ಬನಿಗೆ ಬೆನ್ನ ಮೇಲೆ ಬೆಟ್ಟ, ಬೆಟ್ಟದ ಮೇಲೆ ಮೇಯುವ ಆಡು. ಒಬ್ಬನು ಸೀನಿದರೆ ಮೂರು ಊರಿನ ಚಾವಣಿ ಹಾರಿಹೋಗುತ್ತದೆ. ಸಂಜೆ ಊಟ ಮುಗಿಯಿತೋ ಇಲ್ಲವೋ, ಮಕ್ಕಳು ಅವರ ಎರಡೂ ಪಕ್ಕದಲ್ಲಿ.

ನಾನು ವಿಜ್ಞಾನ ಓದಿದವಳು. ಶಾಲೆಯಲ್ಲಿ ತಮಿಳಿನಲ್ಲಿ ಪಾಠ ಹೇಳಿ, ಮನೆಯಲ್ಲಿ ಕನ್ನಡದಲ್ಲಿ ಬೈಯುವವಳು. ಕಥೆ ಮುಗಿದ ಕೂಡಲೇ "ಅದೆಲ್ಲಾ ಸುಳ್ಳು, ಎದ್ದು ಮಲಗಿ" ಎನ್ನುವುದು ನನ್ನ ಪದ್ಧತಿ. ಚಂಪಾ ಕಥೆ ಕೇಳಲು ಶುರು ಮಾಡಿದಾಗಿನಿಂದ, ಆರು ವರ್ಷ, ಒಂದು ಸಂಜೆಯೂ ತಪ್ಪಿಸಿಲ್ಲ. ಅತ್ತೆ ನಕ್ಕು ಸುಮ್ಮನಾಗುತ್ತಾರೆ. (ಒಂದು ಮಾತು ಒಪ್ಪಿಕೊಳ್ಳಬೇಕು. ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ತಮಿಳು. ನಮ್ಮ ಮಕ್ಕಳ ಬಾಯಲ್ಲಿ ಕನ್ನಡ ಇನ್ನೂ ಇದೆಯೆಂದರೆ ಅದು ನನ್ನಿಂದಲ್ಲ, ಆ ರಾಕ್ಷಸರಿಂದ.)

ಈಗ ಪ್ರೋಗ್ರಾಮಿನ ಎರಡನೆಯ ಹಾಳೆ. 'ಹೊರಡುವವರು' ಎಂಬ ತಲೆಬರಹದ ಕೆಳಗೆ ನಾಲ್ಕು ಹೆಸರು. ಚಂಪಾ ಓದಿದಳು. "ಅಜ್ಜಿ?" ಎಂದಳು.

ಯಜಮಾನರು ನನ್ನ ಕಡೆ ನೋಡಿದರು. ಇಂಥ ಉತ್ತರಗಳನ್ನು ಕೊಡುವುದು ಮನೆಯಲ್ಲಿ ನನ್ನ ಡಿಪಾರ್ಟ್‌ಮೆಂಟು.

"ಅಜ್ಜಿಗೆ ಕಣ್ಣೇ ಕಾಣಲ್ಲ. ಡ್ಯಾಮು ನೋಡಿ ಏನ್ ಮಾಡ್ತಾರೆ? ಕಣ್ಣಿದ್ರೆ ಕರ್ಕೊಂಡು ಓಗ್ಬೋದಿತ್ತು" ಎಂದೆ. ಬಸ್ಸಿನ ನೂಕುನುಗ್ಗಲು, ಅಲ್ಲಿನ ಮೆಟ್ಟಿಲು, ಕೈ ಹಿಡಿದುಕೊಳ್ಳಲು ಒಬ್ಬರು ಬೇಕು, ಹೀಗೆ ಇನ್ನೂ ನಾಲ್ಕು ಕಾರಣ ಸೇರಿಸಿದೆ. ಕಾರಣಗಳಿಗೆ ನನ್ನ ಹತ್ತಿರ ಬರವಿಲ್ಲ.

ಅತ್ತೆ ಮೂಲೆಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದರು. ಕಾಳು ಮೊರಕ್ಕೆ, ಸಿಪ್ಪೆ ನೆಲಕ್ಕೆ ಎಂದು ಲೆಕ್ಕ. ಅವತ್ತು ಸಿಪ್ಪೆಯೂ ಮೊರಕ್ಕೇ ಬೀಳುತ್ತಿತ್ತು. "ಓಗ್ಬನ್ನಿ ಮಕ್ಳಾ" ಎಂದರು. "ಬಂದು ನಂಗೆ ಏಳಿ. ನಾನು ಕಿವೀಲೇ ನೋಡ್ಕಂತೀನಿ."

ಎರಡೂ ಕಣ್ಣಿಗೆ ಪೊರೆ. ಇಲ್ಲಿನ ಡಾಕ್ಟರು ಹೋದ ವರ್ಷ ದೀಪಾವಳಿಗೆ ಮುಂಚೆಯೇ ಹೇಳಿದ್ದರು, "ಪೊರೆ ಬಲಿತಿದೆ, ಸೇಲಂ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ, ಆಪರೇಷನ್ ಮಾಡಿ ತೆಗೀತಾರೆ" ಎಂದು. ಆಗಲಿ ಎಂದೆವು. ಹಬ್ಬ ಮುಗಿಯಲಿ ಎಂದೆವು. ಹಬ್ಬ ಮುಗಿದ ಮೇಲೆ ಮಾರ್ಗಳಿಯ ಚಳಿ. ಚಳಿ ಹೋದ ಮೇಲೆ ನನ್ನ ಶಾಲೆಯ ಪರೀಕ್ಷೆ. ಆಮೇಲೆ ಮೇ ತಿಂಗಳ ಕತ್ತರಿ ಬಿಸಿಲು, ಗಾಯ ಮಾಯುವುದಿಲ್ಲ. ಬಿಸಿಲು ತಗ್ಗಿದರೆ ಆಡಿ ತಿಂಗಳು, ಅಂದರೆ ಆಷಾಢ, ಆಡಿಯಲ್ಲಿ ಯಾರಾದರೂ ಒಳ್ಳೆಯ ಕೆಲಸಕ್ಕೆ ಕೈ ಹಾಕುತ್ತಾರೆಯೇ? ಇದನ್ನು ಹೇಳಿದವಳು ಅತ್ತೆಯಲ್ಲ. ಶಾಲೆಯಲ್ಲಿ ಗ್ರಹಣದ ಬಗ್ಗೆ ಪಾಠ ಹೇಳುವ ನಾನು. ಇದೆಲ್ಲದರ ಮೇಲೆ ಯಜಮಾನರ ಖಾಯಂ ಮಾತು ಒಂದಿತ್ತು. "ಲೀವು ಎಲ್ಲಿ ಐತೆ?"

ನನಗೂ ಮಕ್ಕಳಿಗೂ ಶಾಲೆಗೆ ರಜ ಇತ್ತು. ಯಜಮಾನರು ಮೆಟ್ಟೂರಿಗೆಂದು ಸೋಮವಾರ ಮಂಗಳವಾರ ಎರಡು ದಿನ ಲೀವು ಕೇಳಿದರು. ಕಾಫಿ ಆರುವುದರೊಳಗೆ ಸ್ಯಾಂಕ್ಷನ್ ಆಯಿತು. ಅವತ್ತು ನಮಗಿಬ್ಬರಿಗೂ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ.

ಅಷ್ಟರಲ್ಲಿ ಮಕ್ಕಳು ತಮ್ಮದೇ ಪ್ಲಾನಿನಲ್ಲಿದ್ದರು. ಕಾಗದವಿಲ್ಲ, ಕಾರ್ಬನ್ ಇಲ್ಲ. ಅಂಗಡಿಯ ಕಡಲೆಮಿಠಾಯಿ ಕೊಟ್ಟರೆ ತಿನ್ನದೆ ಡಬ್ಬಿಗೆ ಹಾಕಿಡುತ್ತಿದ್ದರು. ಬಸ್ಸಿಗೆ ಇರಲಿ ಅಂತಿರಬೇಕು, ಬುದ್ಧಿ ಬಂತು ಎಂದುಕೊಂಡೆ. ಒಂದು ದಿನ ಮುತ್ತು ಬಂದು, "ಅಮ್ಮಾ, ಮೆಟ್ಟೂರಲ್ಲಿರೋರಿಗೆ ಕನ್ನಡ ಬರ್ತದಾ?" ಎಂದ. ಕೆಲವರಿಗೆ ಬರ್ತದೆ, ಕೆಲವರಿಗೆ ಇಲ್ಲ ಎಂದೆ. ಚಂಪಾ ನಡುವೆ ಬಾಯಿ ಹಾಕಿ, "ಕಾವೇರಿ ನಮ್ ಕಡೆಯಿಂದ್ಲೇ ಬರೋದು, ಅವನಿಗೆ ಎರಡೂ ಬರ್ತದೆ ಸುಮ್ನಿರು" ಎಂದಳು. ಅವನು ಎಂದರೆ ಯಾರು? ರಂಗಪ್ಪ ಇರಬೇಕು ಎಂದುಕೊಂಡೆ. ಮುತ್ತು ಮಾತ್ರ ನಂಬಲಿಲ್ಲ. ಹಿತ್ತಲಿನ ಕಲ್ಲಿನ ಮುಂದೆ ಕೈ ಮುಗಿದು ನಿಂತು, "ಐಯಾ, ರೆಂಡು ಕುಡುಂಗ" ಎಂದು ಅಭ್ಯಾಸ ಮಾಡುತ್ತಿದ್ದ. ಅಯ್ಯಾ, ಎರಡು ಕೊಡಿ. ಮಿಠಾಯಿ ಅಂಗಡಿಯಲ್ಲಿ ಕೇಳಲು ಕಲಿಯುತ್ತಿದ್ದಾನೆಂದು ನಾನು ನಕ್ಕು ಒಳಗೆ ಬಂದೆ. ಮಕ್ಕಳ ಮನಸ್ಸು ಅರಿಯುವುದು ಹೇಗೆಂದು ನನಗೆ ಟ್ರೈನಿಂಗ್ ಕೊಟ್ಟು ಸರ್ಟಿಫಿಕೇಟೂ ಕೊಟ್ಟಿದ್ದಾರೆ. ಗೋಡೆಯ ಮೇಲಿದೆ.

ಆಮೇಲೆ ಭಾನುವಾರ ಮಧ್ಯಾಹ್ನ, ಹೊರಡುವ ಹಿಂದಿನ ದಿನ, ಚೀಲದಲ್ಲಿ ಆ ಭರಣಿ.

"ಅದು ಕಣ್ಣಿಗೆ ಅಮ್ಮಾ" ಎಂದ ಮುತ್ತು, ಗೋಡೆಯನ್ನು ಬಿಟ್ಟು.

"ಯಾರ ಕಣ್ಣಿಗೋ?"

"ಅಜ್ಜಿ ಕಣ್ಣಿಗೆ. ಪದಿನಾರ್ ಕಣ್ಣವನ ಅತ್ರ ಎರಡು ಇಸ್ಕೊಂಡು ಬರಾಕೆ. ಅತ್ತಿ ಇಲ್ದಿದ್ರೆ ಬಸ್ಸಲ್ಲಿ ಕುಲುಕಿ ಒಡ್ದು ಓಗ್ತದೆ."

ನನಗೆ ತಲೆಬುಡ ತಿಳಿಯಲಿಲ್ಲ. ಚಂಪಾ ಬಿಡಿಸಿ ಹೇಳಿದಳು, ದಡ್ಡ ಹುಡುಗಿಗೆ ನಾನು ಹೇಳುವ ಹಾಗೆಯೇ. "ಅವನು ಡ್ಯಾಮು ಕಾಯೋ ರಾಕ್ಷಸ ಅಮ್ಮಾ. ಯಾವಾಗ್ಲೂ ಮುಚ್ಕೊಂಡೇ ಇರ್ತಾನಲ್ಲ, ಎರಡು ಇಲ್ದಿದ್ರೆ ಅವ್ನಿಗೆ ಗೊತ್ತೇ ಆಗಾಕಿಲ್ಲ. ಕಣ್ಣು ಬಿಚ್ಚಿ ಕೂರ್ಸಾಕೆ ಚಿಕ್ಕಪ್ಪಂಗೆ ಬರ್ತದೆ. ಸುಮ್ನೆ ಕೇಳಲ್ಲ, ಕಡಲೆಮಿಠಾಯಿ ಕೊಟ್ಟು ಕೇಳ್ತೀವಿ. ಅದಿನಾರ್ರಲ್ಲಿ ಎರಡು ಕಳೆದ್ರೆ ಅದಿನಾಲ್ಕು. ಒಬ್ಬನಿಗೆ ಸಾಕಲ್ಲ?"

ನಕ್ಕೆ. ಮುಚ್ಚಿಡುವುದಿಲ್ಲ, ಚೆನ್ನಾಗಿಯೇ ನಕ್ಕೆ. ಯಜಮಾನರೂ ನಕ್ಕು, ಇಂಜಿನಿಯರಿಂಗ್ ಒಲವಿನ ಮಾತು ಮರೆತರು. ಆಮೇಲೆ ಟೀಚರು ಮೈಮೇಲೆ ಬಂದಳು. ಸೀಮೆಸುಣ್ಣ ತಗೊಂಡು ನೆಲದ ಮೇಲೆ ಡ್ಯಾಮು ಬರೆದೆ. ಹದಿನಾರು ಬಾಗಿಲು ಬರೆದೆ. ಇದೇ ಕಣ್ಣು, ನೀರು ಹೋಗುವ ಕಿಂಡಿ, ರಾಕ್ಷಸನೂ ಇಲ್ಲ ಗೀಕ್ಷಸನೂ ಇಲ್ಲ, ಅದೆಲ್ಲಾ ಸುಳ್ಳು ಎಂದೆ. ಅಷ್ಟು ಅಚ್ಚುಕಟ್ಟಾದ ಪಾಠವನ್ನು ಇನ್‌ಸ್ಪೆಕ್ಟರು ಬಂದಾಗಲೂ ನಾನು ಮಾಡಿಲ್ಲ.

ಮುತ್ತು ಆ ಹದಿನಾರು ಚೌಕಗಳನ್ನು ಬೆರಳಿಟ್ಟು ಎಣಿಸಿದ.

"ನೀನೇ ಅಂದಿದ್ದೆ" ಎಂದಳು ಚಂಪಾ. "ಅಜ್ಜಿಗೆ ಕಣ್ಣಿದ್ರೆ ಕರ್ಕೊಂಡು ಓಗ್ಬೋದು ಅಂತ."

"ಅಂಗಾದ್ರೆ ಅಜ್ಜಿಗೆ ಕಣ್ಣು ಯಾರು ಕೊಡ್ತಾರೆ?" ಎಂದ ಮುತ್ತು.

"ಡಾಕ್ಟರು. ಸೇಲಂ ದೊಡ್ಡಾಸ್ಪತ್ರೇಲಿ ಇರ್ತಾರೆ."

"ನಿಜವಾಗ್ಲೂ ಇದ್ದಾರಾ? ಇಲ್ಲಾ ಅದೂ ಕಥೇನಾ?"

"ನಿಜವಾಗ್ಲೂ ಇದ್ದಾರೆ."

"ದೂರಾನಾ?"

"ಮೆಟ್ಟೂರಷ್ಟೇ."

"ಅಂಗಾದ್ರೆ ನಾವ್ಯಾಕಮ್ಮಾ ಮೆಟ್ಟೂರಿಗೆ ಓಗ್ತಾ ಇರೋದು?"

ನನ್ನ ಹತ್ತಿರ ಕಾರಣಗಳಿಗೆ ಬರವಿಲ್ಲ ಎಂದೆನಲ್ಲ. ಅವತ್ತು ಒಂದೂ ಸಿಗಲಿಲ್ಲ. ನಾಚಿಕೆಯಾಯಿತು. ಐದು ವರ್ಷದ ಹುಡುಗ ರಾಕ್ಷಸನ ಎದುರು ಕೈ ಮುಗಿದು ನಿಲ್ಲಲು ತಯಾರಾಗಿದ್ದ. ನಾವು ಒಂದು ವರ್ಷದಿಂದ ಆಸ್ಪತ್ರೆಯ ಚೀಟಿ ಕೌಂಟರಿನ ಮುಂದೆ ನಿಲ್ಲಲು ತಯಾರಾಗಿರಲಿಲ್ಲ. ಯಾರು ಕಥೆ ಹೇಳುತ್ತಿದ್ದವರು ಈ ಮನೆಯಲ್ಲಿ? ಹಬ್ಬದ ಕಥೆ, ಚಳಿಯ ಕಥೆ, ಬಿಸಿಲಿನ ಕಥೆ, ಆಡಿಯ ಕಥೆ! ಅತ್ತೆಯ ಕಥೆಗಳಲ್ಲಿ ಕೊನೆಗಾದರೂ ಯಾರೋ ಕುದುರೆ ಹತ್ತಿ ಹೊರಡುತ್ತಾರೆ. ನಮ್ಮದರಲ್ಲಿ ಯಾರೂ ಎದ್ದೇ ಇರಲಿಲ್ಲ.

ನಗಬೇಡಿ. ನಿಮ್ಮ ಮನೆಯಲ್ಲೂ ಒಂದು ಮೂಲೆ ಇದ್ದೇ ಇರುತ್ತದೆ, ಅಲ್ಲೊಬ್ಬರು ಕೂತೇ ಇರುತ್ತಾರೆ. ಅವರು ಗೊಣಗಿದ್ದರೆ ಬೇಸತ್ತಾದರೂ ಕರೆದುಕೊಂಡು ಹೋಗುತ್ತಿದ್ದಿರಿ. "ನಂಗೇನು, ಓಗ್ಬನ್ನಿ" ಎನ್ನುವ ಸಜ್ಜನರಾದರೆ ಮುಗಿಯಿತು, ಅವರ ಸರದಿ ಕಾರಂಜಿ ಆದ ಮೇಲೆ.

ಯಜಮಾನರು ಎದ್ದು ಹೋಗಿ ಪ್ರೋಗ್ರಾಂ ತಂದರು. ಮೆಟ್ಟೂರು ಎಂಬುದನ್ನು ಹೊಡೆದುಹಾಕಿ ಮೇಲೆ ಸೇಲಂ ಎಂದು ಬರೆದರು. ಪಕ್ಕದಲ್ಲಿ ಸಣ್ಣ ಸಹಿ ಹಾಕಿದರು. (ತಿದ್ದುಪಡಿಗೆ ಸಹಿ ಬೇಕಲ್ಲ.) ಹೊರಡುವವರು ನಾಲ್ಕು ಇದ್ದದ್ದು ಐದಾಯಿತು. ಪಾರ್ಕಿನಲ್ಲಿ ಆನಂದವನ್ನು ತೆಗೆದರು. ಉಳಿದದ್ದೆಲ್ಲ ಹಾಗೇ ಇತ್ತು. ನಾಲ್ಕೂವರೆಗೆ ಏಳುವುದು, ಪುಳಿಯೋಗರೆ, ಎಲ್ಲ.

"ನಂಗ್ಯಾಕ್ಲಾ ಈಗ? ಮಕ್ಳ ಆಸೆ ಕೆಡುಸ್ಬೇಡ" ಎಂದು ಅತ್ತೆ ಮೂಲೆಯಿಂದ ಮಗನಿಗೆ ಹೇಳಿದರು. ಬೇಡ ಎಂದು ಇನ್ನೊಮ್ಮೆ ಹೇಳಲಿಲ್ಲ. ಎದ್ದು ಗೋಡೆ ತಡವಿಕೊಂಡು ಹೋಗಿ ತಮ್ಮ ಒಳ್ಳೆಯ ಸೀರೆ ಯಾವುದೆಂದು ಕೈಯಲ್ಲಿ ಮುಟ್ಟಿ ಹುಡುಕಿದರು. ಎಷ್ಟು ದಿನದಿಂದ ಕಾಯುತ್ತಿದ್ದರು ಎಂದು ನನಗೆ ಆಗ ಗೊತ್ತಾಯಿತು.

ತೊಪ್ಪೂರು ಘಾಟಿ ಇಳಿದ ಮೇಲೆ ಮೆಟ್ಟೂರಿನ ದಾರಿ ಬಲಕ್ಕೆ ಒಡೆಯುತ್ತದೆ. ಮುತ್ತು ಆ ಕಡೆ ಒಂದು ಸಲ ನೋಡಿ, ಅಜ್ಜಿಯ ಕೈ ಹಿಡಿದುಕೊಂಡ. ಭರಣಿ ಅವನ ತೊಡೆಯ ಮೇಲೇ ಇತ್ತು. ಡಾಕ್ಟರಿಗೂ ಬೇಕಾಗಬಹುದು ಎಂದು ಅವನ ವಾದ.

ಡಾಕ್ಟರು ದೀಪ ಬಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ತಮಿಳಿನಲ್ಲಿ, ನನ್ನನ್ನು ಬೈಯದೆ, ಹೇಳಿದರು. ಎಡಗಣ್ಣು ಆಗುತ್ತದೆ, ತೆಗೆದರೆ ಚೆನ್ನಾಗಿಯೇ ಕಾಣುತ್ತದೆ. ಬಲಗಣ್ಣಿನ ಪೊರೆ ಬಲಿತು ಬಲಿತು ಒಳಗಿನ ನರವೇ ಸತ್ತಿದೆ. ಏನೂ ಮಾಡಲಾಗುವುದಿಲ್ಲ. "ಆರು ತಿಂಗಳು ಮುಂಚೆ ಬಂದಿದ್ದರೆ" ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು. ಬೈದಿದ್ದರೆ ವಾಸಿಯಿತ್ತು.

ಆರು ತಿಂಗಳ ಹಿಂದೆ ಏನು ಮಾಡುತ್ತಿದ್ದೆ ನಾನು? ಎಣಿಸಿ ನೋಡಿದೆ. ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಮಾನವನ ಪಂಚೇಂದ್ರಿಯಗಳು, ಐದು ಮಾರ್ಕು.

ಯಜಮಾನರು ಇನ್ನೂ ಎಂಟು ದಿನ ಲೀವು ಬೇಕೆಂದು ಬರೆದರು. ಸಿಕ್ಕಿತು. ಕೇಳಿದ್ದರೆ ಹೋದ ವರ್ಷವೂ ಸಿಗುತ್ತಿತ್ತು.

ಆಪರೇಷನ್ ಆಯಿತು. ತಲೆ ಅಲ್ಲಾಡಿಸಬಾರದು ಎಂದು ಎರಡೂ ಪಕ್ಕ ಮರಳಿನ ಚೀಲ ಇಟ್ಟು, ಕಣ್ಣಿಗೆ ಕಟ್ಟು ಕಟ್ಟಿ ಮಲಗಿಸಿದ್ದರು. ತಲೆ ಅಲ್ಲಾಡಿಸಬೇಡಿ ಎಂದರೆ ಸರಿ, ಬಾಯಿ ಅಲ್ಲಾಡಿಸಬೇಡಿ ಎಂದು ಯಾರೂ ಹೇಳಿರಲಿಲ್ಲ. ಐದನೆಯ ದಿನ ಸಂಜೆ ನಾವಿಬ್ಬರೂ ಫ್ಲಾಸ್ಕಿನಲ್ಲಿ ಗಂಜಿ ತರುವಷ್ಟರಲ್ಲಿ ಕಾರ್ಖಾನೆ ಶುರುವಾಗಿತ್ತು. ಮಕ್ಕಳು ಮಂಚದ ಎರಡೂ ಪಕ್ಕ ನಿಂತಿದ್ದರು. ನಾವು ಬಾಗಿಲಲ್ಲೇ ನಿಂತೆವು.

"ಒಸಾ ರಾಕ್ಷಸ ಒಬ್ಬ ಸಿಕ್ಕವ್ನೆ ಮಕ್ಳಾ" ಎನ್ನುತ್ತಿದ್ದರು ಅತ್ತೆ.

"ಅವನಿಗೆ ಎಷ್ಟು ಕಣ್ಣು ಅಜ್ಜಿ?"

"ನಾಕೇ ನಾಕು. ತಲೆ ಎರಡು. ಒಂದು ತಲೆ 'ಲೀವಿಲ್ಲ, ಲೀವಿಲ್ಲ' ಅಂತದೆ. ಇನ್ನೊಂದು 'ಬಿಸಿಲು ಐತೆ, ಪರೀಕ್ಷೆ ಐತೆ' ಅಂತದೆ. ಅಂಗೆ ಅಂತಾ ಅಂತಾ ದಿನಾ ಸಾಸಿವೆಯಷ್ಟು ಕಣ್ಣು ತಿಂತದೆ. ತಿಂತಾ ಇರೋದು ಪಾಪ ಅದಕ್ಕೇ ಗೊತ್ತಿಲ್ಲ."

"ಯಾರ ಕಣ್ಣು?"

"ಯಾರದೋ ಒಂದು ಮುದುಕೀದು."

"ಎಲ್ಲಿರ್ತಾನೆ ಅಜ್ಜಿ ಅವನು? ಮೆಟ್ಟೂರಲ್ಲಾ?"

"ಧರ್ಮಪುರೀಲೇ ಲಾ. ನೋಡಾಕೆ ಬಸ್ಸೂ ಅತ್ತೋ ಅಂಗಿಲ್ಲ" ಎಂದು ಅತ್ತೆ ಕಟ್ಟಿನ ಕೆಳಗೆ ನಕ್ಕರು.

ಯಜಮಾನರು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನಿಂತರು. ಚಂಪಾಗೆ ಅರ್ಥವಾಗಿತ್ತು, ತಲೆ ತಗ್ಗಿಸಿದಳು. ಮುತ್ತು ಮಾತ್ರ ನನ್ನ ಕಡೆ ತಿರುಗಿ ಕಾದ. ಕಥೆ ಮುಗಿದ ಮೇಲೆ ಅಮ್ಮ ಏನು ಹೇಳುತ್ತಾಳೆಂದು ಅವನಿಗೆ ಬಾಯಿಪಾಠ.

ಆರು ವರ್ಷದಲ್ಲಿ ಮೊದಲ ಸಲ, ಅದೆಲ್ಲಾ ಸುಳ್ಳು ಎಂದು ನಾನು ಹೇಳಲಿಲ್ಲ.